ಎರಡು ಸಲ ಹೇಳಿದರೆ ಮುಂದಿನ ಸಾಲು

ಜಾವಗಲ್ ಬಸ್ ನಿಲ್ದಾಣದ ಹಿಂದಿನ ಸಾಲಿನಲ್ಲಿ ಒಂದು ಚಿಕ್ಕ ಅಂಗಡಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಟರ್ ಎಳೆದಿದೆ, ಹೊರಗಿನಿಂದ ಬೀಗ ಬಿದ್ದಿದೆ. ಒಳಗೆ ಯಾರೋ ಮಾತಾಡುತ್ತಿದ್ದಾರೆ.

ಮೊದಲು ಒಬ್ಬ ಗಂಡಸಿನ ದನಿ. ಡೇರಿಗೆ ಹೊತ್ತಾಯಿತು, ಏಳು ಎಂದು ಯಾರನ್ನೋ ಎಬ್ಬಿಸುತ್ತಿದೆ. ಅದು ಮುಗಿಯುವಷ್ಟರಲ್ಲಿ ಒಬ್ಬ ಮುದುಕಿ ಪುಟ್ಟೀ, ಪುಟ್ಟೀ ಎಂದು ಕೂಗುತ್ತಾಳೆ. ಇನ್ನೊಂದು ಮೂಲೆಯಲ್ಲಿ ಹೆಂಗಸೊಬ್ಬಳು ನಗುತ್ತಾಳೆ. ನಗು ನಿಂತು, ಮತ್ತೆ ಮೊದಲಿನಿಂದ ಅದೇ ನಗು ಶುರುವಾಗುತ್ತದೆ. ಯಾರ ಮಾತಿಗೂ ಯಾರೂ ಉತ್ತರ ಕೊಡುವುದಿಲ್ಲ. ಶಟರ್‌ಗೆ ಕಿವಿಯಿಟ್ಟಿದ್ದ ನಾನು ತಟ್ಟನೆ ಹಿಂದೆ ಸರಿಯುತ್ತೇನೆ. ಇಂಥ ಹೊತ್ತಿಗೇ ಹೋಗಿ ಎಂದು ಹೇಳಿ ಕಳಿಸಿದ ಸಂಪಾದಕರ ಮೇಲೆ ಸಣ್ಣಗೆ ಸಿಟ್ಟೂ ಬರುತ್ತದೆ.

‘‘ಹೆದ್ರಿಕೋಬೇಡಿ ಸಾರ್, ಎಲ್ಲಾ ನಮ್ಮ ಗಿರಾಕಿಗಳೇ,’’ ಎನ್ನುತ್ತಾ ಬೀಗದ ಕೈ ಹಿಡಿದು ಬರುತ್ತಾರೆ ಪುಷ್ಪಲತಾ. ನಲವತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಟೀಲ್ ಫ್ಲಾಸ್ಕು. ಶಟರ್ ಎತ್ತಿದರೆ ಒಳಗೆ ಮನುಷ್ಯರು ಯಾರೂ ಇಲ್ಲ. ಗೋಡೆಯುದ್ದಕ್ಕೂ ಹಲಗೆ, ಹಲಗೆಯ ಮೇಲೆ ಸಾಲಾಗಿ ಟ್ಯಾಬ್‌ಗಳು. ಅರ್ಧಕ್ಕರ್ಧ ಪರದೆಗಳು ಹೊತ್ತಿಕೊಂಡಿವೆ. ಆಕೆ ಒಂದೊಂದನ್ನೇ ಮುಟ್ಟಿ ಸುಮ್ಮನಾಗಿಸುತ್ತಾ ಹೋಗುತ್ತಾರೆ.

ವಿಷಯ ಇಷ್ಟೇ. ಈ ಸೀಮೆಯ ಮನೆಗಳಲ್ಲಿ ಬೆಳಗಿನ ಅಲಾರಂಗೆ ತಮ್ಮದೇ ದನಿ ತುಂಬಿಸಿಕೊಳ್ಳುವ ಚಾಳಿ ಇದೆ. ರಿಪೇರಿಗೆ ಬಿಟ್ಟುಹೋಗುವಾಗ ಅದನ್ನು ಆರಿಸುವುದು ಯಾರಿಗೂ ನೆನಪಾಗುವುದಿಲ್ಲ. ಹಾಗಾಗಿ ಹಳೇಬೀಡಿನ ತಂದೆ, ಅರಸೀಕೆರೆಯ ಅಜ್ಜಿ, ಬೇಲೂರಿನ ನಾದಿನಿ ಎಲ್ಲರೂ ಜಾವಗಲ್‌ನ ಈ ಬಾಗಿಲು ಮುಚ್ಚಿದ ಅಂಗಡಿಯಲ್ಲಿ ಏಳುತ್ತಾರೆ. ಪಕ್ಕದ ಜಗಲಿಯಲ್ಲಿ ಹೂ ಕಟ್ಟುವ ಗಿಡ್ಡಮ್ಮ ಮೊದಲ ಸಲ ಇದನ್ನು ಕೇಳಿದಾಗ ಶಟರ್‌ಗೆ ನಿಂಬೆಹಣ್ಣು, ಹಸಿಮೆಣಸಿನಕಾಯಿ ಕಟ್ಟಿಸಿದ್ದರಂತೆ. ‘‘ಒಳಗೆ ಜನಾನ ಕೂಡಾಕವ್ಳೆ ಅನ್ಕಂಡೆ ಕಣಪ್ಪ. ಆಮ್ಯಾಕೆ ಟ್ಯಾಬು ಅಂದ್ಲು. ಟ್ಯಾಬಾದ್ರೇನು, ದನಿ ಮನ್ಸರದ್ದೇ ಅಲ್ವಾ?’’ ಎಂದು ನನ್ನನ್ನೇ ಕೇಳುತ್ತಾರೆ. ಅಂದಿನಿಂದ ಪುಷ್ಪಲತಾ ಮೊದಲ ಬಸ್ಸಿಗೂ ಮುಂಚೆ ಅಂಗಡಿಗೆ ಬರುತ್ತಾರೆ.

ಆಕೆಯ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದು ಕಷ್ಟ. ನಮ್ಮ ನಿಮ್ಮ ಫೋನುಗಳಲ್ಲಿ ಆ್ಯಪ್ ಬೇಕಾದರೆ ಪ್ಲೇ ಸ್ಟೋರ್ ಇದೆ. ಇಲ್ಲಿ ಬರುವ ಟ್ಯಾಬ್‌ಗಳಲ್ಲಿ ಅದು ಇಲ್ಲ. ಶಾಲೆಗಳು ಮುಚ್ಚಿದ್ದ ಆ ಕಾಲದಲ್ಲಿ ಹೊರಗಿನ ಒಂದು ಕಂಪನಿ (ಹೆಸರು ಬೇಡ, ಅದೀಗ ಇಲ್ಲ) ಮನೆಮನೆಗೆ ಪಾಠದ ಟ್ಯಾಬ್ ಮಾರಿತು. ತನ್ನ ಪಾಠದ ಆ್ಯಪ್ ಬಿಟ್ಟು ಬೇರೇನೂ ತೆರೆಯದಂತೆ ಬೀಗ ಜಡಿದು ಮಾರಿತು. ಶಾಲೆಗಳು ತೆರೆದವು, ಕಂಪನಿ ಮುಚ್ಚಿತು. ಟ್ಯಾಬ್‌ಗಳು ಮನೆಗಳಲ್ಲಿ ಸುಮ್ಮನೆ ಬಿದ್ದುಕೊಂಡವು. ಪುಷ್ಪಲತಾ ಆ ಬೀಗ ಬಿಚ್ಚಿ, ಬೇಕಾದ ಆ್ಯಪ್‌ನ ಫೈಲನ್ನು ಮೆಮೊರಿ ಕಾರ್ಡಿನಲ್ಲಿ ತಂದು, ನೇರವಾಗಿ ಟ್ಯಾಬಿಗೆ ಕೂರಿಸುತ್ತಾರೆ. ಬೆಳಗಿನ ಆ ಅಲಾರಂಗಳೂ ಹೀಗೇ ಬಂದವು. ಹೋಟೆಲಿನ ಹಂಗಿಲ್ಲದೆ ಮನೆಯಿಂದಲೇ ಊಟ ತಂದು ಬಡಿಸಿದ ಹಾಗೆ ಎಂದು ನಾನು ತಮಾಷೆ ಮಾಡಿದರೆ, ಮನೆ ಊಟಕ್ಕೂ ಕಲ್ಲು ಆರಿಸಬೇಕಲ್ಲ ಸಾರ್ ಎಂದು ನಗುತ್ತಾರೆ.

ಇದನ್ನು ಆಕೆ ಏಕೆ ಕಲಿತರು ಎಂಬುದಕ್ಕೂ ಒಂದು ಹಿನ್ನೆಲೆಯಿದೆ. ಆ ಕಂಪನಿಯ ಟ್ಯಾಬ್‌ಗಳನ್ನು ಈ ಕಡೆಯ ಹಳ್ಳಿಗಳಲ್ಲಿ ಮಾರಿದವರು ಇವರೇ. ಪಿಯುಸಿ ಓದಿ, ಅರಸೀಕೆರೆಯ ಮೊಬೈಲ್ ಅಂಗಡಿಯೊಂದರಲ್ಲಿ ಕೆಲಸ ಮಾಡಿದ್ದ ಪುಷ್ಪಲತಾರನ್ನು ಕಂಪನಿ ಏಜೆಂಟ್ ಮಾಡಿಕೊಂಡಿತ್ತು. ಅದು ಮುಚ್ಚಿದಾಗ ಜನ ಕಂಪನಿಗೆ ಫೋನ್ ಮಾಡಲಿಲ್ಲ, ನೇರವಾಗಿ ಇವರ ಮನೆ ಬಾಗಿಲಿಗೆ ಬಂದರು. ಕೊಬ್ಬರಿ ವ್ಯಾಪಾರದ ಗಂಡ ಶಶಿಧರ್ ಎದುರಿಗೇ ಬೈದರು. ಅತ್ತೆ ಗುರುಸಿದ್ದಮ್ಮ ಮಠಕ್ಕೆ ಹೋಗಲು ನಾಚಿಕೊಂಡರಂತೆ. ‘‘ನಾನೇ ಕೈಯಾರೆ ಕೊಟ್ಟಿದ್ದು ಸಾರ್. ಓಡೋಗೋಕೆ ನಮ್ಗೆ ಇನ್ನೊಂದೂರು ಎಲ್ಲೈತೆ?’’ ಎನ್ನುವಾಗ ಆಕೆಯ ಮುಖದಲ್ಲಿ ನಗುವಿಲ್ಲ.

ಹೊರಗಿನ ಫೈಲ್ ಕೂರಿಸುವ ಮುಂಚೆ ಪರದೆಯ ಮೇಲೆ ಒಂದು ಎಚ್ಚರಿಕೆ ಬರುತ್ತದೆ: ಇದು ಅಪರಿಚಿತ ಮೂಲದಿಂದ ಬಂದಿದೆ, ಅನುಮತಿಸುತ್ತೀರಾ? ಪುಷ್ಪಲತಾ ಅದನ್ನು ಗಿರಾಕಿಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ. ಅವರು ಹೂಂ ಅನ್ನುವವರೆಗೂ ಬೆರಳು ಒತ್ತುವುದಿಲ್ಲ. ಈ ಶಿಸ್ತು ಹಳೇಬೀಡಿನ ಒಂದು ಮನೆಯಿಂದ ಬಂದದ್ದು. ಅವರು ಯಾರದೋ ಫೋನಿನಿಂದ ಟಾರ್ಚ್ ಆ್ಯಪ್ ಹಾಕಿಸಿಕೊಂಡಿದ್ದರು. ಮನೆಯಲ್ಲಿ ಯಾರಾದರೂ ಮಾತಾಡಿದಾಗಲೆಲ್ಲ ಗೋಡೆಗೆ ಒರಗಿಸಿಟ್ಟ ಟ್ಯಾಬಿನ ಪರದೆ ತಾನಾಗಿ ಬೆಳಗುತ್ತಿತ್ತು. ಮಾತು ನಿಲ್ಲಿಸಿದರೆ ಆರುತ್ತಿತ್ತು. ಮನೆಯವರು ಸನ್ನೆಯಲ್ಲಿ ಮಾತಾಡಲು ಶುರುಮಾಡಿದ್ದರಂತೆ. ಹೋಗಿ ನೋಡಿದರೆ ಬೆಳಕು ಕೊಡಬೇಕಾದ ಆ್ಯಪ್ ಮೈಕ್ ತೆರೆದುಕೊಂಡು ಕೂತಿತ್ತು. ಯಾರಿಗಾಗಿ ಕೇಳಿಸಿಕೊಳ್ಳುತ್ತಿತ್ತೋ ಗೊತ್ತಾಗಲಿಲ್ಲ. ಅಂದಿನಿಂದ ಯಾವ ಫೈಲ್ ಬಂದರೂ ಮೊದಲು ತಮ್ಮ ಟ್ಯಾಬಿನಲ್ಲಿ ಹಾಕಿ, ಕೆಲವು ದಿನ ಮನೆಯಲ್ಲಿಟ್ಟು ನೋಡುತ್ತಾರೆ. ಗುರುಸಿದ್ದಮ್ಮನವರು ಮನೆ ವಿಷಯ ಮಾತಾಡುವಾಗ ಅದರ ಮೇಲೆ ದಪ್ಪ ಟವೆಲ್ ಮುಚ್ಚುತ್ತಾರೆ.

ನಾನು ಇವರನ್ನು ಹುಡುಕಿಕೊಂಡು ಬಂದದ್ದು ಬೇರೊಂದು ಟ್ಯಾಬಿನ ಸುದ್ದಿ ಕೇಳಿ. ಬೇಲೂರಿನ ಯದುಗಿರಿ ಎಂಬ ಶಿಕ್ಷಕಿ ಹೋದ ವರ್ಷ ಅದನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಇಲ್ಲಿಗೆ ತಂದಿದ್ದರು. ಅವರ ಯಜಮಾನರು ಪಾರ್ಥಸಾರಥಿ, ದೇವಸ್ಥಾನದ ಸೇವೆಯಲ್ಲಿದ್ದವರು. ಅವರ ವಂಶದ ಹಿಂದಿನವರು ಕಟ್ಟಿದ ಒಂದು ಸ್ತೋತ್ರವಿದೆ. ಯಾವ ಪುಸ್ತಕದಲ್ಲೂ ಇಲ್ಲ. ಬರೆದಿಡುವ ಪದ್ಧತಿಯೂ ಇಲ್ಲ. ಹೆತ್ತವರು ಮಕ್ಕಳಿಗೆ ಬಾಯಲ್ಲಿ ಹೇಳಿಕೊಡಬೇಕು. ಮನೆಗೆ ಬಂದ ಸೊಸೆಯರಿಗೆ ಹೇಳಿಕೊಡುವುದಿಲ್ಲ, ಹಾಗಾಗಿ ಯದುಗಿರಿಯವರಿಗೆ ಬಾರದು. ಒಬ್ಬಳೇ ಮಗಳು ಮೇಧಿನಿ, ಆಗ ಹೈಸ್ಕೂಲು, ಕಲಿಯಲು ಕೂರಲಿಲ್ಲ. ಅಷ್ಟರಲ್ಲಿ ಪಾರ್ಥಸಾರಥಿಯವರ ಗಂಟಲಿಗೆ ಆಪರೇಷನ್ ಆಗಲೇಬೇಕು, ಆದರೆ ದನಿ ಉಳಿಯುವುದಿಲ್ಲ ಎಂದು ಗೊತ್ತಾಯಿತು.

ಆ ಪಾಠದ ಆ್ಯಪ್‌ನಲ್ಲಿ ಒಂದು ಸೌಕರ್ಯವಿತ್ತು. ಹಿರಿಯರು ಒಂದು ಸಾಲು ಹೇಳಿ ತುಂಬಿಸಿಟ್ಟರೆ, ಮಗು ಅದನ್ನು ತಿರುಗಿ ಹೇಳುವ ತನಕ ಅದು ಕಾಯುತ್ತದೆ. ಉದ್ದ, ಏರಿಳಿತ ಹೊಂದಿದರೆ ಮುಂದಿನ ಸಾಲಿಗೆ ಹೋಗುತ್ತದೆ, ತಪ್ಪಿದರೆ ಹಿರಿಯರ ದನಿಯಲ್ಲೇ ತಿದ್ದುತ್ತದೆ. ಪಾರ್ಥಸಾರಥಿ ಇಡೀ ಸ್ತೋತ್ರವನ್ನು, ತಿದ್ದುವ ಮಾತುಗಳ ಸಮೇತ, ಅದರಲ್ಲಿ ತುಂಬಿಸಿದರು. ಮೊದಲಿಗೇ ಮನೆಯವರಿಗೆ ಒಂದು ಮಾತು ಹೇಳಿಟ್ಟಿದ್ದರು: ಮೇಧಿನಿ ಬಾಯಿಗೆ ಬರುವ ತನಕ ಇದು ಇರಲಿ, ಆಮೇಲೆ ಅಳಿಸಿಬಿಡಿ. ಆಪರೇಷನ್ ಆಯಿತು. ದನಿ ಹೋಯಿತು, ಕೆಲವು ತಿಂಗಳಿಗೆ ಅವರೂ ಹೋದರು. ಮೇಧಿನಿ ಕೊನೆಗೂ ಕಲಿಯುತ್ತೇನೆ ಎಂದು ಟ್ಯಾಬ್ ತೆರೆಯುವ ಹೊತ್ತಿಗೆ ಆ್ಯಪ್ ಲಾಗಿನ್ ಕೇಳುತ್ತಿತ್ತು. ಲಾಗಿನ್ ಕೊಡಬೇಕಾದ ಕಂಪನಿ ಇರಲಿಲ್ಲ.

ಇಂಥ ಕಡೆ ಎಲ್ಲರೂ ಹೇಳುವ ಔಷಧಿ ಒಂದೇ, ತೆಗೆದು ಮತ್ತೆ ಹಾಕಿ. ಹಾಸನದ ಅಂಗಡಿಯೊಂದರಲ್ಲಿ ಯದುಗಿರಿಯವರಿಗೂ ಅದನ್ನೇ ಹೇಳಿದ್ದರು. ತೆಗೆದಿದ್ದರೆ ದನಿ ಅದರ ಜೊತೆಗೇ ಹೋಗುತ್ತಿತ್ತು. ಅದೇ ಕಂಪನಿಯ, ಇದಕ್ಕಿಂತ ಹೊಸ ಫೈಲನ್ನು ಹಳೆಯದರ ಮೇಲೆಯೇ ಕೂರಿಸಿದರೆ ಮಾತ್ರ ಒಳಗಿನದು ಉಳಿಯುತ್ತದೆ. ಮುಚ್ಚುವ ಮುಂಚೆ ಕಂಪನಿ ಲಾಗಿನ್ ಕೇಳದ ಒಂದು ಕೊನೆಯ ಅಪ್‌ಡೇಟ್ ಬಿಟ್ಟಿತ್ತು ಎಂಬುದು ಪುಷ್ಪಲತಾರಿಗೆ ನೆನಪಿತ್ತು. ಅದು ಎಲ್ಲಿ ಸಿಗುತ್ತದೆ? ಕಂಪನಿಯ ಕೊನೆಯ ದಿನದವರೆಗೂ ಆರದೆ ಓಡುತ್ತಿದ್ದ ಟ್ಯಾಬಿನಲ್ಲಿ. ತಾವು ಮಾರಿದ ಮನೆಗಳನ್ನೆಲ್ಲ ಮತ್ತೆ ತಟ್ಟಿದರು. ಕೆಲವರು ಹಳೆಯ ಸಿಟ್ಟಿಗೆ ಬಾಗಿಲು ತೆರೆಯಲಿಲ್ಲ.

ಸಿಕ್ಕಿದ್ದು ಹಗರೆಯ ಸಿದ್ದಬಸಪ್ಪನವರ ಕೊಟ್ಟಿಗೆಯಲ್ಲಿ. ಮೊಮ್ಮಕ್ಕಳು ಬಿಟ್ಟ ಟ್ಯಾಬನ್ನು ಅವರು ಹಸುಗಳ ಮುಂದೆ ಕಂಬಕ್ಕೆ ಕಟ್ಟಿದ್ದರು. ಹಾಲು ಕರೆಯುವಾಗ ಮಗ್ಗಿ ಹೇಳಿಕೊಡುವ ಹೆಂಗಸಿನ ದನಿ ಕೇಳಿದರೇ ಹಸು ಸೊರೆ ಬಿಟ್ಟು ಹಾಲು ಇಳಿಸುತ್ತಿತ್ತಂತೆ, ಆದ್ದರಿಂದ ಒಂದು ದಿನವೂ ಆರಿಸಿರಲಿಲ್ಲ. ಪುಷ್ಪಲತಾ ಹೋದಾಗ ಕತ್ತಲು ಕೊಟ್ಟಿಗೆಯಲ್ಲಿ ಎರಡೊಂದ್ಲೆ ಎರಡು ನಡೆಯುತ್ತಿತ್ತು, ಹಸುಗಳು ಕಿವಿ ನಿಮಿರಿಸಿ ಆ ಕಡೆಯೇ ನೋಡುತ್ತಿದ್ದವು. ನಿಲ್ಲಿಸಬೇಡವ್ವ, ಹಾಲು ಮೇಲಕ್ಕೆಳ್ಕತ್ತವೆ ಎಂದು ಮುದುಕ ಬೇಡಿಕೊಂಡರಂತೆ. ಮಗ್ಗಿ ಓಡುತ್ತಿರುವಾಗಲೇ ಫೈಲನ್ನು ಕಾರ್ಡಿಗೆ ಇಳಿಸಿಕೊಂಡು ಬಂದರು.

ಆ ಫೈಲನ್ನು ಪಾರ್ಥಸಾರಥಿಯವರ ಟ್ಯಾಬಿನ ಮೇಲೆ ಕೂರಿಸಿದ್ದು ಇದೇ ಅಂಗಡಿಯಲ್ಲಿ, ಇದೇ ಬೆಳಗಿನ ಹೊತ್ತಿನಲ್ಲಿ. ಆ್ಯಪ್ ತೆರೆಯಿತು. ಗಂಡಸಿನ ನಿಧಾನದ ದನಿ ಒಂದು ಸಾಲು ಹೇಳಿತು. ಆಮೇಲೆ ಏನೂ ಇಲ್ಲ. ತಿರುಗಿ ಹೇಳಬೇಕೆಂದು ಗೊತ್ತಿದ್ದ ಪುಷ್ಪಲತಾ ಒಂದು ಸಲ ಹೇಳಿದರು. ಆಗಲೂ ಏನೂ ಇಲ್ಲ. ಆರಿಸಿ ಹಚ್ಚಿದರು. ಅದೇ ಸಾಲು, ಅದೇ ಮೌನ. ಮೌನಕ್ಕೆ ಕಿವಿಗೊಟ್ಟರೆ ಅದರೊಳಗೆ ಉಸಿರಾಡುವ ಸದ್ದು ಕೇಳುತ್ತಿತ್ತು. ಆ್ಯಪ್ ಕೆಟ್ಟು ನಿಂತಿದೆ, ಇನ್ನು ಅಳಿಸಿ ಹಾಕುವುದೇ ದಾರಿ ಎಂದು ತೀರ್ಮಾನಿಸಿ ಬೆರಳು ಆ ಗುಂಡಿಯ ಮೇಲೆ ಇಟ್ಟೂ ಆಗಿತ್ತು. ಆಗ ಜಗಲಿಯಲ್ಲಿ ಹೂ ಕಟ್ಟುತ್ತಿದ್ದ ಗಿಡ್ಡಮ್ಮ, ಅಷ್ಟು ಸಲ ಕೇಳಿ ಬಾಯಿಗೆ ಬಂದಿದ್ದ ಆ ಸಾಲನ್ನು ತಮ್ಮಷ್ಟಕ್ಕೆ ಗುನುಗಿದರು, ಮತ್ತೊಮ್ಮೆ ಗುನುಗಿದರು. ದನಿ ಮುಂದಿನ ಸಾಲಿಗೆ ಹೋಯಿತು.

ಬಾಯಿಪಾಠ ಹೇಳಿಕೊಡುವ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ವಿಷಯ. ಸಂಥೆ ಎನ್ನುತ್ತಾರೆ. ಗುರು ಒಂದು ಸಲ ಹೇಳಬೇಕು, ಶಿಷ್ಯ ಎರಡು ಸಲ. ಎರಡನೆಯದು ಬರುವ ತನಕ ಗುರು ಬಾಯಿ ತೆರೆಯುವುದಿಲ್ಲ. ಪಾರ್ಥಸಾರಥಿ ಆ್ಯಪನ್ನೂ ಹಾಗೆಯೇ ಹೊಂದಿಸಿದ್ದರು. ವ್ಯಾಪಾರದ ಮನೆಯ ಪುಷ್ಪಲತಾರಿಗೆ ಅದು ತಿಳಿಯುವ ಬಗೆಯೇ ಇರಲಿಲ್ಲ. ‘‘ಕೆಟ್ಟೋಗೈತೆ ಅನ್ಕೊಂಡಿದ್ದೆ ಸಾರ್. ಅದು ಕಾಯ್ತಾ ಇತ್ತು,’’ ಎಂದು ಹೇಳಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾರೆ. ಚಹಾ ಬಗ್ಗಿಸಲು ಮರೆಯುತ್ತಾರೆ.

ಹಳೆಯ ಟ್ಯಾಬು, ಮಧ್ಯೆ ಮಧ್ಯೆ ನಿಂತುಹೋಗುತ್ತಿತ್ತು. ಪ್ರತಿಸಲವೂ ಮೊದಲ ಸಾಲಿನಿಂದಲೇ ಶುರು. ಕೊನೆಯವರೆಗೂ ಸರಿಯಾಗಿ ಓಡುತ್ತದೆ ಎಂದು ಖಾತ್ರಿ ಮಾಡಿಕೊಳ್ಳದೆ ಅದನ್ನು ಹಿಂದಿರುಗಿಸುವಂತಿರಲಿಲ್ಲ, ಯಾರಾದರೂ ಉತ್ತರ ಕೊಡದೆ ಅದು ಓಡುವಂತಿರಲಿಲ್ಲ. ಮೇಧಿನಿಗೆ ಹಾಸನದಲ್ಲಿ ಡಿಗ್ರಿ ಪರೀಕ್ಷೆ. ಹಾಗಾಗಿ ಎಷ್ಟೋ ಬೆಳಗು ಪುಷ್ಪಲತಾರೇ ಉತ್ತರ ಕೊಟ್ಟರು. ತಪ್ಪಿದಾಗ ಸತ್ತವರ ದನಿ ಅವರನ್ನು ಮೇಧಿನಿ ಎಂದು ಕರೆದು ತಿದ್ದಿತು. ಮೊದಮೊದಲು ಮೈ ಜುಮ್ಮೆನ್ನುತ್ತಿತ್ತಂತೆ. ಆಮೇಲೆ, ಅಭ್ಯಾಸವಾದ ಮೇಲೆ, ತಪ್ಪಬಾರದು ಎಂಬ ಭಯವೊಂದೇ ಉಳಿಯಿತಂತೆ.

ಇನ್ನೊಂದು ಫೋನ್ ಪಕ್ಕದಲ್ಲಿಟ್ಟು ರೆಕಾರ್ಡ್ ಮಾಡಿಕೊಂಡರೆ ಮುಗಿಯಿತಲ್ಲ ಎಂದು ನಾನು ಕೇಳುತ್ತೇನೆ. ಅದನ್ನು ಇವರೂ ಕೇಳಿದ್ದರು. ಬೇಡವೇ ಬೇಡ ಎಂದರಂತೆ ಯದುಗಿರಿ. ಮನೆತನದ ಪದ್ಧತಿಯನ್ನು ಯಜಮಾನರು ಒಮ್ಮೆ ಮುರಿದರು, ಗತಿಯಿಲ್ಲದೆ. ಎರಡನೇ ಸಲ ನಾನು ಮುರಿಯುವುದಿಲ್ಲ, ಇದರ ನಕಲು ಎಲ್ಲೂ ಇರಕೂಡದು ಎಂದು ಕೈ ಹಿಡಿದು ಮಾತು ಕೇಳಿದರು. ಪುಷ್ಪಲತಾ ಮಾತು ಕೊಟ್ಟರು. ಊರ ಟ್ಯಾಬ್‌ಗಳ ಸರ್ವಸ್ವವೂ ಇರುವ ಇವರ ಕಾರ್ಡಿನಲ್ಲಿ ಆ ದನಿ ಇಲ್ಲ. ನನ್ನ ಕಣ್ಣೆದುರೇ ತೆರೆದು ತೋರಿಸುತ್ತಾರೆ.

ಟ್ಯಾಬು ಬೇಲೂರಿಗೆ ಹಿಂದಿರುಗಿತು. ಆದರೆ ಅದರ ಬ್ಯಾಟರಿ ಉಬ್ಬಿತ್ತು, ಪರದೆ ಒಂದು ಕಡೆಯಿಂದ ಎದ್ದುಬರುತ್ತಿತ್ತು. ಆ ಮಾದರಿಯ ಬ್ಯಾಟರಿ ಅರಸೀಕೆರೆ, ಹಾಸನ ಎಲ್ಲಾ ಸುತ್ತಿದರೂ ಸಿಗಲಿಲ್ಲ. ಇದು ಹೆಚ್ಚು ದಿನ ಬಾಳುವುದಿಲ್ಲ, ಅಷ್ಟರೊಳಗೆ ಕಲಿತುಬಿಡು ಎಂದು ಮೇಧಿನಿಗೆ ಹೇಳಿ ಕಳಿಸಿದರು. ಆ ಹುಡುಗಿ ರಜೆಯಲ್ಲೆಲ್ಲ ಕೂತು ಕಲಿಯುತ್ತಿದ್ದಾಳೆ. ಟ್ಯಾಬು ಮೊದಲೋ ಅವಳು ಮೊದಲೋ ಎಂಬ ಪೈಪೋಟಿ.

ಇಷ್ಟು ಹೇಳಿ ಪುಷ್ಪಲತಾ ನನ್ನ ಫೋನಿನ ಕಡೆ ನೋಡುತ್ತಾರೆ. ರೆಕಾರ್ಡಿಂಗ್ ನಿಲ್ಲಿಸಿ ಎನ್ನುತ್ತಾರೆ. ನಿಲ್ಲಿಸುತ್ತೇನೆ.

‘‘ಕಾರ್ಡಲ್ಲಿಲ್ಲ ಸಾರ್. ನನ್ನ ಬಾಯಲ್ಲೈತೆ. ಮೊದಲಿಂದ ಕೊನೇವರ್ಗೂ ಐತೆ. ಕಲೀಬೇಕು ಅಂತ ಕಲೀಲಿಲ್ಲ, ಬಂದ್ಬಿಟ್ಟೈತೆ.’’

ಟೆಸ್ಟ್ ಮಾಡಿದ್ದೇನೆ ಎಂದಷ್ಟೇ ಆ ಮನೆಯವರಿಗೆ ಹೇಳಿದ್ದಾರೆ. ಸೊಸೆಗೂ ಹೇಳಿಕೊಡದ ಸ್ತೋತ್ರ ಜಾವಗಲ್‌ನ ಕೊಬ್ಬರಿ ವ್ಯಾಪಾರಿಯ ಹೆಂಡತಿಗೆ ಬರುತ್ತದೆ ಎಂದರೆ ಯದುಗಿರಿ ಏನಂದುಕೊಂಡಾರು? ಕೊಟ್ಟ ಮಾತು ಎಲ್ಲಿ ಉಳಿಯಿತು? ಬೆಳಿಗ್ಗೆ ಪಾತ್ರೆ ತೊಳೆಯುವಾಗ ತಾನಾಗಿ ಬಾಯಿಗೆ ಬರುತ್ತದಂತೆ, ಒಂದೊಂದು ಸಾಲೂ ಎರಡೆರಡು ಸಲ. ಅದು ಯಾರ ಪಾಠವೇ ತಾಯಿ ಎಂದು ಗುರುಸಿದ್ದಮ್ಮ ಕೇಳಿದಾಗ ರೇಡಿಯೋದ್ದು ಎಂದಿದ್ದಾರೆ. ಇದನ್ನು ಬರೆಯಬೇಡಿ ಎನ್ನುತ್ತಾರೆ. ಬರೆಯುವುದಿಲ್ಲ ಎಂದು ನಾನೂ ಒಪ್ಪಿಕೊಂಡಿದ್ದೆ. ಮುಂದಿನ ಅರ್ಧ ಗಂಟೆಯಲ್ಲಿ ನಡೆದದ್ದು ಆ ಮಾತಿನಿಂದ ನನ್ನನ್ನು ಬಿಡಿಸಿತು, ಈಗ ಬರೆಯುತ್ತಿರುವುದು ಅವರ ಒಪ್ಪಿಗೆಯಿಂದಲೇ.

ಬಿಸಿಲು ಶಟರಿನ ಒಳಗೆ ಬಂದಿದೆ, ನಾನು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಿದ್ದೇನೆ. ಬೇಲೂರಿನಿಂದ ಮೇಧಿನಿಯ ಫೋನ್. ಕೈಯಲ್ಲಿ ಸ್ಕ್ರೂ ಡ್ರೈವರ್ ಇದ್ದದ್ದರಿಂದ ಪುಷ್ಪಲತಾ ಸ್ಪೀಕರ್ ಹಾಕುತ್ತಾರೆ. ಹುಡುಗಿ ಅಳುತ್ತಿದ್ದಾಳೆ. ಈಗಷ್ಟೇ ಟ್ಯಾಬಿನಿಂದ ಹೊಗೆ ಬಂತಂತೆ, ಹಿತ್ತಲಿಗೆ ಎಸೆದು ಮಣ್ಣು ಸುರಿದರಂತೆ, ಒಳಗೆಲ್ಲ ಸುಟ್ಟು ಕರಕಲಾಗಿದೆಯಂತೆ. ಅವಳಿಗೆ ಬಹುತೇಕ ಎಲ್ಲಾ ಬಂದಿದೆ. ಕೊನೆಯದೂ ಬರುತ್ತದೆ. ಅದಕ್ಕೆ ಮುಂಚಿನ ಒಂದು ಸಾಲು ಮಾತ್ರ ನಿನ್ನೆ ರಾತ್ರಿ ಬಾಯಲ್ಲಿತ್ತು, ಈಗ ಇಲ್ಲ.

‘‘ಅಮ್ಮಂಗೂ ಗೊತ್ತಿಲ್ಲ ಆಂಟಿ. ಇನ್ಯಾರಿಗೂ ಗೊತ್ತಿಲ್ಲ. ಅಪ್ಪ ಅಷ್ಟು ಕಷ್ಟಪಟ್ಟು ಹೇಳಿದ್ದು ನನ್ನಿಂದ ಹೋಯ್ತು.’’

ಪುಷ್ಪಲತಾ ಸ್ಕ್ರೂ ಡ್ರೈವರ್ ಕೆಳಗಿಡುತ್ತಾರೆ. ನನ್ನ ಕಡೆ ತಿರುಗಿ, ಪೆನ್ನು ಒಳಗಿಡುವಂತೆ ಕೈಸನ್ನೆ ಮಾಡುತ್ತಾರೆ. ನನಗೋ ಹೇಳಿಬಿಡಿ ಎಂದು ಕೂಗಬೇಕೆನಿಸುತ್ತದೆ, ಆದರೆ ಇಂಥ ಕಡೆ ಬಾಯಿ ಹಾಕುವ ಹಕ್ಕು ನನಗಿಲ್ಲ. ಆಕೆ ಕಣ್ಣು ಮುಚ್ಚುತ್ತಾರೆ. ಆ ಸಾಲನ್ನು ಹೇಳುತ್ತಾರೆ.

ಅದನ್ನು ನಾನು ಇಲ್ಲಿ ಬರೆಯುವುದಿಲ್ಲ. ದನಿಯ ಬಗ್ಗೆ ಮಾತ್ರ ಹೇಳಬಹುದು. ನಾನು ಬೆಳಗಿನಿಂದ ಕೇಳುತ್ತಿದ್ದ, ಬಡಬಡನೆ ಹರಿಯುವ ಜಾವಗಲ್ ಮಾತು ಅದರಲ್ಲಿ ಇಲ್ಲ. ನಿಧಾನ, ತಗ್ಗು, ಪದಗಳ ನಡುವೆ ಗಂಟಲು ನೋಯುವವರು ತೆಗೆದುಕೊಳ್ಳುವ ಚಿಕ್ಕ ಚಿಕ್ಕ ನಿಲುಗಡೆ. ಹೊರಗೆ ಗಿಡ್ಡಮ್ಮನ ಕೈ ಹೂವಿನ ಮೇಲೆ ಹಾಗೇ ನಿಂತಿದೆ. ಫೋನಿನ ಆಚೆ ಅಳು ನಿಂತಿದೆ. ಕರೆ ಕಟ್ಟಾಯಿತೇನೋ ಎಂದುಕೊಳ್ಳುತ್ತೇನೆ.

ಆಮೇಲೆ ಮೇಧಿನಿ ಆ ಸಾಲು ಹೇಳುತ್ತಾಳೆ, ಒಂದು ಸಲ. ಪುಷ್ಪಲತಾ ಕಾಯುತ್ತಾರೆ. ಹುಡುಗಿ ಇನ್ನೊಂದು ಸಲ ಹೇಳುತ್ತಾಳೆ.

‘‘ಹಾಗಲ್ಲ ಮೇಧಿನಿ. ಕೊನೆಗೆ ಎಳೆಯಬಾರದು, ಇಳಿಸಬೇಕು. ನಿಧಾನವಾಗಿ ಹೇಳು.’’

ಹೇಳಿದ ಮರುಕ್ಷಣವೇ ಪುಷ್ಪಲತಾರ ಕೈ ಬಾಯಿಗೆ ಹೋಗುತ್ತದೆ. ಅದು ಅವರು ಆಡುವ ಮಾತಲ್ಲ. ಟ್ಯಾಬಿನೊಳಗಿಂದ ಅವರನ್ನು ತಿದ್ದುತ್ತಿದ್ದ ಮಾತು. ಆಚೆ ಫೋನು ಕೈ ಬದಲಾಗುತ್ತದೆ.

‘‘ಪುಷ್ಪಲತಾ, ನಿಮಗೆ ಪೂರ್ತಿ ಬರುತ್ತಾ?’’ ಯದುಗಿರಿಯವರ ದನಿ.

‘‘ಬರ್ತದೆ ಅಮ್ಮ. ಟೆಸ್ಟ್ ಮಾಡ್ತಾ ಮಾಡ್ತಾ ಬಂದ್ಬಿಡ್ತು. ತಪ್ಪಾಯ್ತು.’’

ಯದುಗಿರಿ ಬೈಯುವುದಿಲ್ಲ, ಹೊಗಳುವುದೂ ಇಲ್ಲ. ಭಾನುವಾರ ಬೇಲೂರಿಗೆ ಬರಲು ಹೇಳುತ್ತಾರೆ. ಮೇಧಿನಿ ಮೊದಲಿನಿಂದ ಹೇಳುತ್ತಾಳೆ, ತಪ್ಪಿದ ಕಡೆ ನೀವು ತಿದ್ದಬೇಕು, ಯಜಮಾನರ ಹತ್ತಿರ ಪಾಠ ಪೂರ್ತಿ ಹೇಳಿಸಿಕೊಂಡವರು ಈಗ ನೀವೊಬ್ಬರೇ ಎನ್ನುತ್ತಾರೆ. ಫೋನ್ ಇಟ್ಟ ಮೇಲೆ ಪುಷ್ಪಲತಾ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಇನ್ನು ಬರೆಯಬಹುದು ಸಾರ್ ಎನ್ನುತ್ತಾರೆ.

ಇಂಥ ಲೇಖನದ ಕೊನೆಗೆ ಎಲ್ಲರನ್ನೂ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ, ಮುಂದೆ ಏನಾಸೆ ಎಂದು. ದೊಡ್ಡ ಅಂಗಡಿ, ಒಳ್ಳೆಯ ಕಂಪ್ಯೂಟರ್ ಎನ್ನಬಹುದೆಂದು ಕಾಯುತ್ತೇನೆ. ಆಕೆ ಸ್ಕ್ರೂ ಡ್ರೈವರನ್ನು ಮತ್ತೆ ಕೈಗೆತ್ತಿಕೊಳ್ಳುತ್ತಾರೆ.

‘‘ಅವಳಿಗೆ ಪೂರ್ತಿ ಬಂದ ದಿನ ಅಳಿಸಿ ಅಂತ ಅವ್ರಪ್ಪ ಹೇಳವ್ರೆ ಸಾರ್. ಟ್ಯಾಬ್‌ದೇನೋ ಸುಟ್ಟೋಯ್ತು. ಅವತ್ತು ನನ್ನಿಂದ್ಲೂ ಹೋಗ್ಬೇಕು. ಹೆಂಗೆ ಹೋಗ್ತದೋ ಗೊತ್ತಿಲ್ಲ. ಹೋದ್ರೆ ಸಾಕು.’’